ಎರಡು ಬಿಳಿ, ಎರಡು ಕೆಂಪು

ರಾತ್ರಿ ವಿಮಾನ ಇಳಿಸುವ ಪೈಲಟ್‌ಗೆ ರನ್‌ವೇ ಅಂಚಿನ ಬಿಳಿ ದೀಪಗಳ ಸಾಲು ಬಹಳ ದೂರದಿಂದಲೇ ಕಾಣಿಸುತ್ತದೆ. ಆದರೆ ವಿಮಾನ ಸರಿಯಾದ ಎತ್ತರದಲ್ಲಿದೆಯೇ ಎಂಬುದನ್ನು ಆ ಸಾಲು ಹೇಳಲಾರದು. ಮಂಗಳೂರಿನ ಬಜಪೆಯಂತೆ ಗುಡ್ಡದ ನೆತ್ತಿಯಲ್ಲಿ ರನ್‌ವೇ ಇದ್ದು, ಸುತ್ತಲಿನ ಕಣಿವೆ ಕತ್ತಲಲ್ಲಿ ಮುಳುಗಿರುವಾಗ, ಎತ್ತರ ಅಂದಾಜಿಸಲು ಬೇರೆ ಗುರುತೇ ಸಿಗದೆ ಅನುಭವಿಗಳ ಕಣ್ಣೂ ಮೋಸಹೋಗಬಹುದು. ಇರುವುದಕ್ಕಿಂತ ಮೇಲಿದ್ದೇವೆಂದು ಭ್ರಮಿಸಿ ವಿಮಾನವನ್ನು ತೀರಾ ಕೆಳಕ್ಕೆ ತರುವ ಅಪಾಯ ಅಲ್ಲಿರುತ್ತದೆ.

ಈ ಭ್ರಮೆಯನ್ನು ತಿದ್ದುವುದು ಪ್ಯಾಪಿ ಎಂಬ ನಾಲ್ಕು ದೀಪಗಳ ಸಾಲು. 1970ರ ದಶಕದಲ್ಲಿ ಬ್ರಿಟನ್ನಿನ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್‌ನಲ್ಲಿ ರೂಪುಗೊಂಡ ಇದು ಸಾಮಾನ್ಯವಾಗಿ ರನ್‌ವೇಯ ಎಡಬದಿಯಲ್ಲಿರುತ್ತದೆ. ಪ್ರತಿ ಪೆಟ್ಟಿಗೆಯೊಳಗೆ ಬೆಳಕಿನ ಮೇಲರ್ಧಕ್ಕೆ ಅಡ್ಡವಾಗಿ ಕೆಂಪು ಗಾಜು, ಅದರ ಮುಂದೆ ಮಸೂರ. ಮಸೂರವು ಬಿಂಬವನ್ನು ತಲೆಕೆಳಗಾಗಿಸುವುದರಿಂದ ಹೊರಬರುವ ಕಿರಣದ ಮೇಲ್ಭಾಗ ಬಿಳಿಯಾಗಿಯೂ ಕೆಳಭಾಗ ಕೆಂಪಾಗಿಯೂ ಇರುತ್ತದೆ. ನಾಲ್ಕು ಪೆಟ್ಟಿಗೆಗಳನ್ನು ಸುಮಾರು ಎರಡೂವರೆಯಿಂದ ಮೂರೂವರೆ ಡಿಗ್ರಿಯವರೆಗೆ ಒಂದೊಂದು ಕೋನಕ್ಕೆ ಓರೆಯಾಗಿಸಿರುತ್ತಾರೆ. ಹಾಗಾಗಿ ಮೂರು ಡಿಗ್ರಿಯ ಇಳಿಜಾರಿನಲ್ಲಿ ಬರುವವರಿಗೆ ಎರಡು ಬಿಳಿ, ಎರಡು ಕೆಂಪು ಕಾಣುತ್ತವೆ. ಸ್ವಲ್ಪ ಮೇಲಾದರೆ ಮೂರು ಬಿಳಿ, ಬಹಳ ಮೇಲಾದರೆ ನಾಲ್ಕೂ ಬಿಳಿ. ನಾಲ್ಕೂ ಕೆಂಪಾದವೆಂದರೆ ವಿಮಾನ ಅಪಾಯಕಾರಿಯಾಗಿ ಕೆಳಗಿದೆ. ಪೈಲಟ್ ತಲೆ ತಗ್ಗಿಸಿ ಅಂಕಿ ಓದಬೇಕಾಗಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ. ವಿಮಾನ ನಿಲ್ದಾಣದ ಅಷ್ಟೂ ಉಪಕರಣಗಳಲ್ಲಿ ನನಗೆ ಇದರ ಮೇಲೆ ಹೆಚ್ಚು ಗೌರವ.

ದಟ್ಟ ಮಂಜಿನಲ್ಲಿ ಮಾತ್ರ ಪ್ಯಾಪಿಯನ್ನು ನೆಚ್ಚುವಂತಿಲ್ಲ. ಆಗ ಮೊದಲು ಕಾಣಬೇಕಾದವು ರನ್‌ವೇಗಿಂತ 900 ಮೀಟರ್ ಮುಂಚೆಯೇ ಆರಂಭವಾಗುವ ಅಪ್ರೋಚ್ ದೀಪಗಳು. ರೇಡಿಯೊ ಸಂಕೇತಗಳಿಂದ ಇಳಿಯುವ ದಾರಿ ತೋರುವ ಐಎಲ್‌ಎಸ್ ವ್ಯವಸ್ಥೆಯನ್ನು ಅದರ ಮೊದಲ, ಅಂದರೆ ತೀರಾ ಸಾಮಾನ್ಯ ದರ್ಜೆಯಲ್ಲಿ ಬಳಸುವಾಗ 200 ಅಡಿಗೆ ಇಳಿದರೂ ದೀಪಗಳಾಗಲಿ ರನ್‌ವೇಯಾಗಲಿ ಕಾಣದಿದ್ದರೆ ವಿಮಾನವನ್ನು ಮತ್ತೆ ಮೇಲಕ್ಕೆತ್ತಲೇಬೇಕು. ಅಲ್ಲಿಂದ ನೆಲ ಮುಟ್ಟಲು ಹೆಚ್ಚೆಂದರೆ ಇಪ್ಪತ್ತು ಸೆಕೆಂಡು. ಡಿಸೆಂಬರ್, ಜನವರಿಯ ಮುಂಜಾನೆಗಳಲ್ಲಿ ದೇವನಹಳ್ಳಿಯನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಕೆಂಪೇಗೌಡ ವಿಮಾನ ನಿಲ್ದಾಣದ ದಕ್ಷಿಣದ ರನ್‌ವೇ, ದಟ್ಟ ಮಂಜಿನಲ್ಲೂ ಇಳಿಯಲು ಅನುವಾಗುವ ಕ್ಯಾಟ್ 3ಬಿ ಎಂಬ ಮೇಲಿನ ಐಎಲ್‌ಎಸ್ ದರ್ಜೆಗೇರಿದ ಬಳಿಕ, ಹಿಂದೆ ಇಳಿಯಲು 550 ಮೀಟರ್ ಗೋಚರತೆ ಬೇಕಿದ್ದಲ್ಲಿ, ಅದಕ್ಕೆ ಸಜ್ಜಾದ ವಿಮಾನ ಮತ್ತು ತರಬೇತಾದ ಪೈಲಟ್ ಇದ್ದರೆ 50 ಮೀಟರ್ ಸಾಕಾಗಿದೆ.

ಅಂಥ ಮಂಜಿನಲ್ಲಿ ನೆಲ ಮುಟ್ಟಿದ ಮೇಲೆ ಮಧ್ಯರೇಖೆಯ ದೀಪಗಳೇ ಆಸರೆ. ಉಳಿದ ದಾರಿ 900 ಮೀಟರ್ ಆದಾಗ ಅವು ಕೆಂಪು, ಬಿಳಿಯಾಗಿ ಸರದಿಯಲ್ಲಿ ಬರುತ್ತವೆ. ಕೊನೆಯ 300 ಮೀಟರ್ ಬರೀ ಕೆಂಪು.