ಸೀಸನ್ ಮುಗದ ಮ್ಯಾಲಿನ ಜೆರ್ಸಿ ದಂಧೆ

ಇಂಟರ್ ಕಾಲೇಜ್ ಟೂರ್ನಮೆಂಟ್ ಮುಗದ್ವು ಅಂದ್ರ ಹುಬ್ಬಳ್ಳಿ ಪ್ರಿಂಟಿಂಗ್ ಅಂಗಡ್ಯಾಗ ಉಳದ ಟೀಮ್ ಜೆರ್ಸಿ ಅಗ್ಗಕ್ಕ ಸಿಗ್ತಾವ್ರಿ, ನಾ 120ಕ್ಕ ತಗೊಂಡು ವಿದ್ಯಾನಗರದ ಹಾಸ್ಟೆಲ್ ಹುಡುಗ್ರಿಗೆ 200ಕ್ಕ ಕೊಡ್ತೀನಿ, ಜಿಮ್‌ಗೆ ಹಾಕ್ಕೋತಾರ. ಆದ್ರ ಬೆನ್ನ ಮ್ಯಾಲೆ ಯಾರದರ ಹೆಸರಿದ್ರ ಕೈ ಹಾಕಬ್ಯಾಡ್ರಿ. ಸಬ್ಲಿಮೇಶನ್ ಪ್ರಿಂಟ್‌ನ್ಯಾಗ ಬಣ್ಣ ಬಿಸಿಗೆ ಆವಿಯಾಗಿ ಪಾಲಿಯೆಸ್ಟರ್ ನೂಲಿನೊಳಗ ಹೋಗಿ ಕುಂದರ್ತೈತಿ, ಎಷ್ಟ್ ತಿಕ್ಕಿದ್ರೂ ಹೋಗಂಗಿಲ್ಲ, ವಿನೈಲ್ ಅಂದ್ರ ತೆಳು ಪ್ಲಾಸ್ಟಿಕ್ ಹಾಳಿ ಅಂಟ್ಸಿದ್ದಾದ್ರ ಬಿಸಿ ಮಾಡಿ ಮೆಲ್ಲಕ ಕೀಳಬೌದು, ಅಂಟಿನ ಕಲೆ ಉಳೀತೈತಿ ಅದು ಬ್ಯಾರೆ ಮಾತು. ಸೈಜೂ ನೋಡ್ರಿ, ಡಿಸ್ಕೌಂಟ್‌ನ್ಯಾಗ ಉಳಿಯೋದು ಎಸ್ಸು ಇಲ್ಲಾ ಡಬಲ್ ಎಕ್ಸೆಲ್ಲು. ಬ್ರ್ಯಾಂಡ್ ಲೋಗೊದ ಡುಪ್ಲಿಕೇಟ್ ಮಾಲಂತೂ ಬ್ಯಾಡೇ ಬ್ಯಾಡ, ಟ್ರೇಡ್ ಮಾರ್ಕ್ಸ್ ಕಾಯ್ದೆ 1999ರ ಪ್ರಕಾರ ಮಾರಿದವಗೂ ಜೈಲು ಐತಿ. ಇನ್ನ ದೋಸ್ತರು ಉದ್ರಿ ಕೇಳ್ತಾರ, ಅವ್ರಿಗೆ ರೇಟು 220.