ಅಳುವುದು ಬೇರೆ, ಮೆರೆಸುವುದು ಬೇರೆ

ಯುದ್ಧದ ಇತಿಹಾಸ ಓದುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಒಂದೇ ಪ್ರಶ್ನೆ ಕೇಳುತ್ತಾರೆ. "ಅನ್ಯಾಯದ ಪರವಾಗಿ ಹೋರಾಡಿ ಸತ್ತ ಸೈನಿಕನಿಗೂ ಗೌರವ ಕೊಡಬೇಕಾ?" ಹೇಳಿ ಹೇಳಿ ಬಾಯಿ ನೋಯುತ್ತಿದೆ. ಅದಕ್ಕೇ ಬರೆದುಬಿಡುತ್ತೇನೆ.

ಮೊದಲು ನನ್ನ ತಕರಾರು ಕೇಳಿ. ಗೌರವ ಅನ್ನುವ ಒಂದು ಮಾತಿನೊಳಗೆ ನೀವು ಎರಡು ಕೆಲಸ ತುರುಕುತ್ತೀರಿ. ಸತ್ತವನಿಗಾಗಿ ಅಳುವುದು ಒಂದು. ಅವನ ಪ್ರತಿಮೆ ಮಾಡಿ, ಕುದುರೆ ಮೇಲೆ ಕೂರಿಸಿ ಊರ ನಡುವೆ ನಿಲ್ಲಿಸುವುದು ಇನ್ನೊಂದು. ಅಳುವುದಕ್ಕೆ ಯಾರ ಅಪ್ಪಣೆಯೂ ಬೇಡ. ಕುದುರೆಗೆ ನನ್ನ ಒಪ್ಪಿಗೆ ಇಲ್ಲ.

ವಾಷಿಂಗ್ಟನ್‌ನಲ್ಲಿ, ವಿಯೆಟ್ನಾಂ ಯುದ್ಧದಲ್ಲಿ ಸತ್ತ ಅಮೆರಿಕದ ಸೈನಿಕರ ನೆನಪಿಗೆ 1982ರಲ್ಲಿ ಕಟ್ಟಿದ ಗೋಡೆ ಇದೆ. ಕಪ್ಪು ಕಲ್ಲಿನ ಮೇಲೆ 58,000ಕ್ಕೂ ಜಾಸ್ತಿ ಹೆಸರು, ಸತ್ತ ದಿನದ ಕ್ರಮದಲ್ಲಿ. ದರ್ಜೆ ಬರೆದಿಲ್ಲ. ಆ ಯುದ್ಧ ಸರಿಯಿತ್ತು ಅಂತ ಗೋಡೆ ವಾದಿಸುವುದೂ ಇಲ್ಲ. ಅಮೆರಿಕದ್ದೇ ರಿಚ್ಮಂಡ್ ನಗರದಲ್ಲಿದ್ದ ರಾಬರ್ಟ್ ಲೀ ಪ್ರತಿಮೆ ಹಾಗಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಲು ಹೊರಟ ರಾಜ್ಯಗಳ ಸೇನಾಪತಿ ಆತ. ಸೋತು 25 ವರ್ಷ ಆದಮೇಲೆ, 1890ರಲ್ಲಿ, ಅವನನ್ನು ಅಷ್ಟೆತ್ತರಕ್ಕೆ ಏರಿಸಿದ್ದು ಅಳುವುದಕ್ಕಲ್ಲ. ಗುಲಾಮರಾಗಿದ್ದವರ ಮಕ್ಕಳು ಅದರ ಕೆಳಗೇ ಓಡಾಡಬೇಕಿತ್ತು, ಅಲ್ವಾ? ಇಳಿಸಿದ್ದು 2021ರಲ್ಲಿ.

ಒಮ್ಮೆ ಇಷ್ಟು ಹೇಳಿದ್ದಕ್ಕೆ ಒಬ್ಬರು, "ಪಾಪದ ಹುಡುಗ, ಆಜ್ಞೆ ಪಾಲಿಸಿದ, ನಿಮಗೆ ಸೈನಿಕರೆಂದರೇ ಆಗುವುದಿಲ್ಲ" ಅಂದರು. ನನಗೆ ಸಿಟ್ಟು ಬಂತು, ದನಿ ಏರಿತು. ಇವತ್ತಿಗೂ ಆ ಮಾತು ಚುಚ್ಚುತ್ತದೆ. ಬಲವಂತಕ್ಕೆ ಹೋದ ಹುಡುಗನ ಮೇಲೆ ನನಗೆ ಮರುಕವೇ ಇದೆ. ಆದರೆ ಆಜ್ಞೆ ಪಾಲಿಸಿದವನ ಬಗ್ಗೆ ಇಷ್ಟು ಕೇಳುವವರು, ಒಲ್ಲೆ ಅಂದವನಿಗೆ ಏನು ಕೊಟ್ಟಿರಿ ಅಂತ ಯಾಕೆ ಒಮ್ಮೆಯೂ ಕೇಳುವುದಿಲ್ಲ?

1968ರ ಮಾರ್ಚ್ 16, ವಿಯೆಟ್ನಾಂನ ಮೈ ಲಾಯ್ ಹಳ್ಳಿ. ಅಮೆರಿಕದ ಸೈನಿಕರು ಹೆಂಗಸರು, ಮಕ್ಕಳು ಅನ್ನದೆ ನೂರಾರು ಜನರನ್ನು ಕೊಲ್ಲುತ್ತಿದ್ದರು. ಅದೇ ಸೇನೆಯ ಹ್ಯೂ ಥಾಂಪ್ಸನ್ ತನ್ನ ಹೆಲಿಕಾಪ್ಟರನ್ನು ಸೈನಿಕರಿಗೂ ಹಳ್ಳಿಯವರಿಗೂ ನಡುವೆ ಇಳಿಸಿದ. ಈ ಸೈನಿಕರು ಜನರ ಮೇಲೆ ಗುಂಡು ಹಾರಿಸಿದರೆ ನೀವು ಸೈನಿಕರ ಮೇಲೇ ಹಾರಿಸಿ ಅಂತ ತನ್ನ ಜೊತೆಗಾರರಿಗೆ ಹೇಳಿದ. ಆ ಜೊತೆಗಾರರಲ್ಲಿ ಒಬ್ಬ ಗ್ಲೆನ್ ಆಂಡ್ರಿಯೊಟ್ಟಾ. ಹೆಣ ತುಂಬಿದ ಹಳ್ಳಕ್ಕೆ ಇಳಿದು, ಬದುಕಿದ್ದ ಒಂದು ಮಗುವನ್ನು ಎತ್ತಿ ತಂದವನು. ಥಾಂಪ್ಸನ್‌ಗೂ ಜೊತೆಗಾರರಿಗೂ ಅದಕ್ಕೆ ತಕ್ಕ ಪದಕ ಸಿಕ್ಕಿದ್ದು 1998ರಲ್ಲಿ, 30 ವರ್ಷದ ಮೇಲೆ. ಆಂಡ್ರಿಯೊಟ್ಟಾ ಅದನ್ನು ನೋಡಲಿಲ್ಲ. ಆ ಮಗುವನ್ನು ಎತ್ತಿದ ಮರು ತಿಂಗಳೇ ಯುದ್ಧದಲ್ಲಿ ಸತ್ತಿದ್ದ. ಅವನ ಹೆಸರು ಅದೇ ಕಪ್ಪು ಗೋಡೆಯ ಮೇಲಿದೆ, ಉಳಿದವರ ಸಾಲಿನಲ್ಲೇ.