ಪುಷ್ಯ ಮಳೆ ಹೊತ್ತಿಗೆ ಆಲ್ಪ್ಸ್ ಘಾಟಿಗೆ ಬರುವವರಿಗೆ

ಟೂರ್ ಡಿ ಫ್ರಾನ್ಸ್ ನೋಡಲು ಟಿಕೆಟ್ ಬೇಕಿಲ್ಲ. ಫ್ರಾನ್ಸ್‌ನಲ್ಲಿರುವ ನಾನು ಊರಿನಿಂದ ಫೋನ್ ಮಾಡುವವರಿಗೆ ಮೊದಲು ಹೇಳುವ ಮಾತು ಇದು. ಜಗತ್ತಿನ ಅತಿ ದೊಡ್ಡ ಸೈಕಲ್ ರೇಸ್ ನಡೆಯುವುದು ಜನ ದಿನಾ ಓಡಾಡುವ ರಸ್ತೆಯಲ್ಲೇ. ರಸ್ತೆ ಪಕ್ಕ ಒಂದು ಜಾಗ ಹಿಡಿದು ನಿಂತರೆ ಆಯಿತು. 1903ರಲ್ಲಿ ಶುರುವಾದಾಗಲೂ ಹೀಗೇ ಇತ್ತು, ಈಗಲೂ ಹೀಗೇ ಇದೆ.

ಈ ವರ್ಷ, ಅಂದರೆ 2026ರಲ್ಲಿ, ಅಕ್ಕನ ಮಗ ಮತ್ತು ಅವನ ಗೆಳೆಯರು ಬರಲು ಹೊರಟಿದ್ದಾರೆ. ಶಿವಮೊಗ್ಗದಿಂದ ಭಾನುವಾರ ಬೆಳಿಗ್ಗೆ ಗಾಜನೂರು, ಸಕ್ರೆಬೈಲು, ಮಂಡಗದ್ದೆ ಅಂತ ತೀರ್ಥಹಳ್ಳಿ ರಸ್ತೆಯಲ್ಲಿ ಸೈಕಲ್ ಹೊಡೆಯುವ ಹುಡುಗರು. ಬೇಸಿಗೆಯಲ್ಲಿ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿದವರು. ಅವರು ಕಳಿಸಿದ ಪ್ಲ್ಯಾನ್ ನೋಡಿದೆ. ಜುಲೈ 4ಕ್ಕೆ ಬಾರ್ಸಿಲೋನಾದಲ್ಲಿ ರೇಸ್ ಶುರು. ಅಲ್ಲಿಂದ ಪಿರನೀಸ್ ಬೆಟ್ಟ, ಬೋರ್ಡೋ, ಆಲ್ಪ್ಸ್, ಕೊನೆಗೆ ಜುಲೈ 26ಕ್ಕೆ ಪ್ಯಾರಿಸ್. ಬಾಡಿಗೆ ಕಾರು ತಗೊಂಡು ರೇಸಿನ ಹಿಂದೆ ಮೂರು ವಾರ ಸುತ್ತುವುದು ಅವರ ಆಸೆ. ಅವನಿಗೆ ಹೇಳಿದ್ದನ್ನೇ ಎಲ್ಲರಿಗೂ ಅಂತ ಇಲ್ಲಿ ಬರೆಯುತ್ತಿದ್ದೇನೆ. ರೇಸಿನ ಹಿಂದೆ ಓಡಬೇಡಿ. ಒಂದು ಘಾಟಿ ಆರಿಸಿ, ಅಲ್ಲಿ ಕೂತು ಕಾಯಿರಿ. ರೇಸೇ ನಿಮ್ಮ ಹತ್ತಿರ ಬರುತ್ತದೆ.

ಯಾಕೆ ಅಂದರೆ, ಬಯಲು ರಸ್ತೆಯಲ್ಲಿ ಇವರು ಗಂಟೆಗೆ 40 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿ ಹೋಗುತ್ತಾರೆ. ಒಬ್ಬರ ಹಿಂದೆ ಒಬ್ಬರು ಗಾಳಿ ಮರೆಮಾಡಿಕೊಂಡು ಗುಂಪಾಗಿ ಸಾಗುತ್ತಾರೆ. ನೂರೈವತ್ತು ಜನರ ಗುಂಪು ಬರ್ರ್ ಅಂತ ಒಂದು ಸದ್ದು ಮಾಡಿ ಅರ್ಧ ನಿಮಿಷದಲ್ಲಿ ಮುಗಿದೇ ಹೋಗುತ್ತದೆ. ಒಟ್ಟು ಲೆಕ್ಕದಲ್ಲಿ ಮುಂದಿರುವವನು ಹಾಕುವ ಹಳದಿ ಜೆರ್ಸಿ ಯಾವ ಕಡೆ ಇತ್ತು ಅಂತಲೂ ಗೊತ್ತಾಗುವುದಿಲ್ಲ. ಅದಕ್ಕಾಗಿ ಇನ್ನೂರು ಮುನ್ನೂರು ಕಿಲೋಮೀಟರ್ ಕಾರು ಓಡಿಸಿ, ಮುಚ್ಚಿದ ರಸ್ತೆಗಳಲ್ಲಿ ಸಿಕ್ಕಿಹಾಕಿಕೊಂಡು ಒದ್ದಾಡಬೇಕು. ಘಾಟಿಯಲ್ಲಿ ಹಾಗಲ್ಲ. ಏರು ಸಿಕ್ಕ ಕೂಡಲೇ ಗುಂಪು ಒಡೆಯುತ್ತದೆ. ಒಬ್ಬ, ಇಬ್ಬರು, ಐದಾರು ಜನ ಅಂತ ಬಿಡಿಬಿಡಿಯಾಗಿ ಬರುತ್ತಾರೆ. ಮೊದಲನೆಯವನು ದಾಟಿದ ಎಷ್ಟೋ ಹೊತ್ತಿನ ಮೇಲೂ ಜನ ಬರುತ್ತಲೇ ಇರುತ್ತಾರೆ. ಒಬ್ಬೊಬ್ಬರ ಮುಖವೂ ಕಾಣುತ್ತದೆ.

ನಾನಿರುವ ಗ್ರೆನೋಬಲ್‌ನಿಂದ ಸುಮಾರು 50 ಕಿ.ಮೀ. ದೂರದಲ್ಲಿ ಬೂರ್ಗ್ ದ್ವಾಜಾನ್ ಅಂತ ಒಂದು ಸಣ್ಣ ಪೇಟೆ. ಅಲ್ಲಿಂದ ಮೇಲಕ್ಕೆ ಹತ್ತುವುದೇ ಆಲ್ಪ್ ಡ್ಯುಯೆಜ್. ಆಗುಂಬೆಯಲ್ಲಿ 14 ತಿರುವು, ಇಲ್ಲಿ 21. ಉದ್ದ 13.8 ಕಿ.ಮೀ. ಸರಾಸರಿ ಏರು ನೂರು ಮೀಟರಿಗೆ 8 ಮೀಟರ್. ಕೆಳಗಿನಿಂದ ಮೇಲಕ್ಕೆ ಒಟ್ಟು 1,100 ಮೀಟರ್ ಏರಬೇಕು, ಅಂದರೆ ಆಗುಂಬೆಯ ಸುಮಾರು ಎರಡು ಪಟ್ಟು. ತಿರುವುಗಳಿಗೆ ಕೆಳಗಿನಿಂದ 21, 20, 19 ಅಂತ ಇಳಿಕೆ ಲೆಕ್ಕದಲ್ಲಿ ನಂಬರ್ ಕೊಟ್ಟಿದ್ದಾರೆ. ಪ್ರತಿ ತಿರುವಿನ ಫಲಕದ ಮೇಲೂ ಇಲ್ಲಿ ಸ್ಟೇಜ್, ಅಂದರೆ ಒಂದು ದಿನದ ಓಟ, ಗೆದ್ದವರ ಹೆಸರಿದೆ. ಮೊದಲ ಸಲ ರೇಸ್ ಇಲ್ಲಿಗೆ ಬಂದದ್ದು 1952ರಲ್ಲಿ. ಗೆದ್ದವರು ಇಟಲಿಯ ಫೌಸ್ಟೋ ಕಾಪಿ. ಆಮೇಲಿನ ವರ್ಷಗಳಲ್ಲಿ ಇದು ಹಾಲೆಂಡಿನವರ ಬೆಟ್ಟವೇ ಆಗಿಹೋಯಿತು. ಮೊದಲ 14 ಗೆಲುವುಗಳಲ್ಲಿ 8 ಅವರವು. ಬೆಟ್ಟವೇ ಇಲ್ಲದ ನಾಡಿನವರು ಈ ಘಾಟಿಯನ್ನು ಇಷ್ಟು ಪ್ರೀತಿಸುತ್ತಾರಲ್ಲ, ನನಗೆ ಅದು ಬಹಳ ಇಷ್ಟ. 7ನೇ ತಿರುವು ಇವತ್ತಿಗೂ ಅವರದೇ. ರೇಸ್ ದಿನ ಅಲ್ಲಿ ಕಿತ್ತಳೆ ಬಣ್ಣ ಬಿಟ್ಟು ಬೇರೆ ಕಾಣುವುದಿಲ್ಲ.

2026ರಲ್ಲಿ ರೇಸ್ ಈ ಬೆಟ್ಟಕ್ಕೆ ಎರಡು ದಿನ ಬರುತ್ತದೆ. ಜುಲೈ 24, ಶುಕ್ರವಾರ, ಆ ದಿನದ ಓಟ ಗಾಪ್ ಊರಿನಿಂದ ಹೊರಟು 21 ತಿರುವು ಹತ್ತಿ ಮುಗಿಯುತ್ತದೆ. ಮರುದಿನ ಶನಿವಾರ ಬೂರ್ಗ್ ದ್ವಾಜಾನ್‌ನಲ್ಲೇ ಶುರು. ಕ್ರ್ವಾ ದ ಫೇರ್, 2,642 ಮೀಟರ್ ಎತ್ತರದ ಗಾಲಿಬಿಯೇ, ಎಲ್ಲ ದಾಟಿ ಬೆಟ್ಟದ ಹಿಂದಿನ ಸಾರೆನ್ ದಾರಿಯಿಂದ ಮತ್ತೆ ಅದೇ ಮೇಲಿನೂರಿಗೆ ಬರುತ್ತದೆ. ಇದನ್ನು ನೋಡಿದ ಮೇಲೆ ಬೇರೆ ಲೆಕ್ಕಾಚಾರ ಯಾಕೆ ಬೇಕು? ಶುಕ್ರವಾರ ತಿರುವಿನಲ್ಲಿ ನಿಲ್ಲಿ. ಶನಿವಾರ ಬೆಳಿಗ್ಗೆ ಪೇಟೆಗೆ ಬನ್ನಿ, ಸೈಕಲ್‌ಗೆ ಗಾಳಿ ನೋಡುವ ಮೆಕ್ಯಾನಿಕ್‌ಗಳು, ತಂಡದ ಬಸ್ಸಿನಿಂದ ಇಳಿದು ಸಹಿ ಹಾಕಲು ಹೋಗುವ ಸವಾರರು, ಎಲ್ಲರನ್ನೂ ಹತ್ತಿರದಿಂದ ನೋಡಬಹುದು. ಅವರ ಸೈಕಲ್ ತೂಕ 6.8 ಕಿಲೋಗಿಂತ ಕಡಿಮೆ ಇರಕೂಡದು ಅಂತ ನಿಯಮ ಇದೆ. ಭಾವ ತೋಟದಲ್ಲಿ ಅಡಿಕೆ ಕೊಯ್ಯಲು ಹಿಡಿಯುವ ಹೊಸ ದೋಟಿ ಇದೆಯಲ್ಲ, ಸೈಕಲ್ಲೂ ಅದೇ ಕಾರ್ಬನ್ ಫೈಬರ್‌ನದ್ದು.

2022ರ ಜುಲೈ 14ರಂದು ನಾನು ಈ ಘಾಟಿಯಲ್ಲಿದ್ದೆ. ಆ ದಿನದ ಬಗ್ಗೆ ಸ್ವಲ್ಪ ಹೇಳುತ್ತೇನೆ, ಬರುವವರಿಗೆ ದಿನ ಹೇಗಿರುತ್ತದೆ ಅಂತ ಗೊತ್ತಾಗಲಿ.

ಬೆಳಿಗ್ಗೆ ಬೇಗ ನಡೆಯಲು ಶುರು ಮಾಡಿದೆವು. ಮೇಲೆ ಜಾಗ ಹಿಡಿದವರಲ್ಲಿ ಎಷ್ಟೋ ಜನ ದಿನಗಟ್ಟಲೆ ಮೊದಲೇ ಬಂದಿದ್ದರು, ಗಾಡಿಯಲ್ಲೇ ಅಡುಗೆ, ಗಾಡಿಯಲ್ಲೇ ನಿದ್ದೆ. ನಮ್ಮ ಪಕ್ಕ ವಯಸ್ಸಾದ ಒಬ್ಬ ಫ್ರೆಂಚ್ ಗಂಡ ಹೆಂಡತಿ ಮಡಚುವ ಕುರ್ಚಿ ಹಾಕಿ ರೇಡಿಯೋ ಇಟ್ಟುಕೊಂಡು ಕೂತಿದ್ದರು. ಅಜ್ಜಿ ಟೊಮೇಟೊ ಕತ್ತರಿಸಿ ಉಪ್ಪು ಹಾಕಿ ನಮಗೂ ಕೊಟ್ಟರು. ನಾವು ಚಟ್ನಿಪುಡಿ ಹಾಕಿ ಕಲಸಿದ ಅವಲಕ್ಕಿ ಕೊಟ್ಟೆವು. ಅಜ್ಜ ಇನ್ನೊಂದು ಸಲ ಕೇಳಿ ಹಾಕಿಸಿಕೊಂಡರು.

ರೇಸ್ ಬರುವ ಎರಡು ಗಂಟೆ ಮುಂಚೆ ಜಾಹೀರಾತು ಗಾಡಿಗಳ ಮೆರವಣಿಗೆ ಬಂತು. 1930ರಿಂದ ನಡೆದು ಬಂದ ಪದ್ಧತಿ ಅದು. ನಮ್ಮೂರಲ್ಲಿ ತೇರಿಗೆ ನಾವು ಬಾಳೆಹಣ್ಣು ಎಸೆಯುತ್ತೇವೆ. ಇಲ್ಲಿ ತೇರೇ ಜನರ ಕಡೆಗೆ ಎಸೆಯುತ್ತದೆ. ಟೋಪಿ, ಬಿಸ್ಕತ್ತು, ಸಿಹಿ, ಬೀಗದ ಕೈ ಗೊಂಚಲು. ಮಕ್ಕಳನ್ನು ಕರೆದುಕೊಂಡು ಬಂದರೆ ಅವರಿಗೆ ಇದೇ ದೊಡ್ಡ ಹಬ್ಬ.

ಆಮೇಲೆ ಕಾಯುವುದು. ಮೊದಲು ಕೇಳುವುದು ಹೆಲಿಕಾಪ್ಟರ್ ಸದ್ದು. ಅದು ಯಾವ ಕಣಿವೆಯ ಮೇಲಿದೆಯೋ ರೇಸ್ ಅಲ್ಲಿದೆ ಅಂತ ಲೆಕ್ಕ. ಸದ್ದು ಹತ್ತಿರ ಬಂದ ಹಾಗೆ ಕೂತವರೆಲ್ಲ ಏಳುತ್ತಾರೆ. ಪೊಲೀಸ್ ಬೈಕ್‌ಗಳು, ಕ್ಯಾಮೆರಾ ಬೈಕ್, ಅದರ ಹಿಂದೆ ಅವನು. ಆ ದಿನ ಮೊದಲು ಬಂದದ್ದು 22 ವರ್ಷದ ಟಾಮ್ ಪಿಡ್‌ಕಾಕ್. ಗೆದ್ದದ್ದೂ ಅವನೇ. ಎಲ್ಲರಿಗಿಂತ ಮುಂದಿರುವ ಸವಾರರು ಇಡೀ ಘಾಟಿಯನ್ನು 40 ನಿಮಿಷದ ಆಸುಪಾಸಿನಲ್ಲಿ ಹತ್ತಿ ಮುಗಿಸುತ್ತಾರೆ. ನಮ್ಮ ಹುಡುಗರು ಆಗುಂಬೆಯನ್ನು ಎಷ್ಟು ಹೊತ್ತಿನಲ್ಲಿ ಹತ್ತುತ್ತಾರೆ ಅಂತ ಅವರೇ ನೆನಪು ಮಾಡಿಕೊಳ್ಳಲಿ.

ನನ್ನ ಮನಸ್ಸಿನಲ್ಲಿ ಉಳಿದವರು ಮಾತ್ರ ಕೊನೆಯವರು. ಬಯಲಿನ ವೇಗಕ್ಕೆ ತಯಾರಾದ ದಪ್ಪ ತೊಡೆಯ ಸ್ಪ್ರಿಂಟರ್‌ಗಳು ಬೆಟ್ಟದಲ್ಲಿ ಹಿಂದೆ ಬೀಳುತ್ತಾರೆ. ಗೆದ್ದವನ ಸಮಯಕ್ಕೆ ಲೆಕ್ಕ ಹಾಕಿ ಒಂದು ಗಡುವು ಇರುತ್ತದೆ. ಅದರೊಳಗೆ ಮುಟ್ಟದಿದ್ದರೆ ಮರುದಿನ ರೇಸಿನಲ್ಲಿ ಜಾಗ ಇಲ್ಲ. ಅದಕ್ಕೆ ಬೇರೆ ಬೇರೆ ತಂಡದವರೇ ಆದರೂ ಒಟ್ಟಿಗೆ ಸೇರಿಕೊಂಡು ಹತ್ತುತ್ತಾರೆ. ಅವರಲ್ಲಿ ಒಬ್ಬ ನನ್ನಿಂದ ಒಂದು ಮಾರು ದೂರದಲ್ಲಿ ಹಾದುಹೋದ. ಜೆರ್ಸಿಯ ಜಿಪ್ ಪೂರ್ತಿ ತೆಗೆದಿತ್ತು. ಕಪ್ಪು ಚಡ್ಡಿಯ ಮೇಲೆ ಬೆವರು ಒಣಗಿ ಬಿಳಿ ಉಪ್ಪಿನ ಗೆರೆ. ಮೂಗಿನ ತುದಿಯಿಂದ ಬೆವರು ಸೈಕಲ್ ಮೇಲೆ ತೊಟ್ಟಿಕ್ಕುತ್ತಿತ್ತು. ಚೈನಿನ ಕಿರಕಿರ ಸದ್ದೂ ಕೇಳುತ್ತಿತ್ತು. ಯಾರೋ ಕತ್ತಿನ ಮೇಲೆ ನೀರು ಹಾಕಿದರು. ಅವನು ಹ್ಯಾಂಡಲ್ ಮೇಲಿಂದ ಒಂದು ಬೆರಳು ಎತ್ತಿದ, ಅಷ್ಟೇ. ಪಕ್ಕದ ಅಜ್ಜ ಎದ್ದು ನಿಂತು ಟೋಪಿ ತೆಗೆದು ಚಪ್ಪಾಳೆ ತಟ್ಟಿದರು. ಗೆದ್ದವನಿಗೆ ತಟ್ಟಿದ್ದಕ್ಕಿಂತ ಜೋರಾಗಿ. ದಯವಿಟ್ಟು ಮುಂದಿನವರು ದಾಟಿದ ಕೂಡಲೇ ಇಳಿಯಲು ಹೊರಡಬೇಡಿ. ರೇಸ್ ಬಿಟ್ಟವರನ್ನು ಹತ್ತಿಸಿಕೊಳ್ಳುವ ಕೊನೆಯ ಗಾಡಿ ದಾಟುವವರೆಗೆ ನಿಲ್ಲಿ.

ಇನ್ನು ಊರಿನ ಕಡೆಯ ತೊಡಕು. ಜುಲೈ 24 ಅಂದರೆ ಪುಷ್ಯ ಮಳೆ. ಹುಡುಗರ ಜೊತೆ ಭಾವನಿಗೂ ಬರುವ ಆಸೆ ಇದೆ, ಆದರೆ ಅವರು ಹೇಳುವುದೂ ಸರಿಯೇ. "ಮಳೆ ಹಿಡಿದ ಮೇಲೆ ತೋಟ ಬಿಟ್ಟು ಬರೋದು ಹೆಂಗೆ ಮಾರಾಯ? ಎರಡನೇ ಮದ್ದು ಹೊಡೆಯೋ ಹೊತ್ತು ಅದು." ಅಡಿಕೆ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಹಿಡಿಯುವ ಮುಂಚೆ ಒಂದು ಸಲ, ಆಮೇಲೆ 40–45 ದಿನಕ್ಕೆ ಇನ್ನೊಂದು ಸಲ ಬೋರ್ಡೋ ದ್ರಾವಣ ಹೊಡೆಯದಿದ್ದರೆ ಕೊಳೆ ರೋಗ ಬಂದು ಕಾಯೆಲ್ಲ ಉದುರುತ್ತದೆ. ಮೈಲುತುತ್ತ, ಸುಣ್ಣದ ಆ ಮದ್ದು ಹುಟ್ಟಿದ್ದೇ 1880ರ ದಶಕದಲ್ಲಿ, ಈ ದೇಶದ ಬೋರ್ಡೋ ಕಡೆಯ ದ್ರಾಕ್ಷಿ ತೋಟಗಳಲ್ಲಿ. ಜುಲೈ 10ಕ್ಕೆ ರೇಸ್ ಆ ಊರಿಗೂ ಹೋಗುತ್ತದೆ.

ನಾನೂ ಭಾವನೂ ಕೂತು ಲೆಕ್ಕ ಹಾಕಿದೆವು. ಮೇ ಕೊನೆಯ ವಾರವೇ ಮೊದಲ ಮದ್ದು ಮುಗಿಸಿದರೆ ಎರಡನೆಯದು ಜುಲೈ 10ರ ಸುಮಾರಿಗೆ ಬರುತ್ತದೆ. ಒಂದೆರಡು ದಿನ ಮಳೆ ಬಿಟ್ಟು ಹೊಳವು ಸಿಕ್ಕರೆ ಸಾಕು. 20ಕ್ಕೆ ಊರು ಬಿಟ್ಟು 28ಕ್ಕೆ ವಾಪಸ್. ಮದ್ದು ಹೊಡೆಯುವವರಿಗೆ ಈಗಲೇ ಹೇಳಿಡಬೇಕು. ಹೊಳವು ಸಿಗದೇ ಹೋದರೆ ಭಾವ ಬರುವುದಿಲ್ಲ, ಹುಡುಗರು ಬರುತ್ತಾರೆ. ತೋಟ ಮೊದಲು. ಅದರಲ್ಲಿ ನನಗೂ ಎರಡು ಮಾತಿಲ್ಲ.

ವೀಸಾ ವಿಷಯ ಬೇಗ ಹೇಳಿಬಿಡುತ್ತೇನೆ. ಷೆಂಗೆನ್ ವೀಸಾಗೆ ಹೊರಡುವ ದಿನಕ್ಕಿಂತ 6 ತಿಂಗಳ ಮೊದಲೇ ಅರ್ಜಿ ಹಾಕಬಹುದು. ಸಂಕ್ರಾಂತಿ ಮುಗಿಯಿತಲ್ಲ, ಈಗಲೇ ಶುರು ಮಾಡಿ. ಬೇಸಿಗೆ ರಜೆ ಹತ್ತಿರ ಬಂದರೆ ಬೆಂಗಳೂರಿನಲ್ಲಿ ದಿನಾಂಕ ಸಿಗುವುದೇ ಕಷ್ಟ. ಬೆರಳಚ್ಚು ಕೊಡಲು ಖುದ್ದಾಗಿ ಹೋಗಬೇಕು. ದೊಡ್ಡವರಿಗೆ ಶುಲ್ಕ 90 ಯೂರೋ. 30,000 ಯೂರೋಗೆ ಕಡಿಮೆ ಇಲ್ಲದ ಪ್ರಯಾಣ ವಿಮೆ ಬೇಕು. ಪಾಸ್‌ಪೋರ್ಟ್ ಮಾಡಿಸಿ 10 ವರ್ಷ ಆಗಿರಬಾರದು, ವಾಪಸಾದ ಮೇಲೂ 3 ತಿಂಗಳು ಚಾಲ್ತಿಯಲ್ಲಿ ಇರಬೇಕು. ನಮ್ಮನೆಯಲ್ಲಿ ಉಳಿಯುವವರಿಗೆ ಇಲ್ಲಿನ ಪುರಸಭೆಯಿಂದ ಒಂದು ಕಾಗದ ಬೇಕು, ಅದನ್ನು ನಾನು ಮಾಡಿಸುತ್ತೇನೆ. ಭಾವನಿಗೆ ಸಂಬಳದ ಚೀಟಿ ಇಲ್ಲ, ಅಲ್ವಾ? ಅದಕ್ಕೆ ಪಹಣಿ, ಅಡಿಕೆ ಮಾರಿದ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್ ಜೋಡಿಸಿ ಇಡುತ್ತಿದ್ದಾರೆ.

ಮಳೆಗಾಲ, ಹಾಗಾಗಿ ಒಂದು ದಿನ ಮೊದಲೇ ರೈಲಿನಲ್ಲಿ ಬೆಂಗಳೂರು ಸೇರಿ. ಪ್ಯಾರಿಸ್‌ನಿಂದ ಗ್ರೆನೋಬಲ್‌ಗೆ ವೇಗದ ರೈಲಿನಲ್ಲಿ ಸುಮಾರು 3 ಗಂಟೆ. ಬೂರ್ಗ್ ದ್ವಾಜಾನ್‌ಗೆ ರೈಲಿಲ್ಲ, ಬಸ್ಸು. ಸೈಕಲ್ ಹೊತ್ತು ತರಬೇಡಿ, ಅಲ್ಲೇ ಬಾಡಿಗೆಗೆ ಸಿಗುತ್ತದೆ. ಬುಧವಾರವೇ ಘಾಟಿ ಹತ್ತಿಬಿಡಿ, ರೇಸ್ ದಿನ ರಸ್ತೆ ಯಾವಾಗ ಮುಚ್ಚುತ್ತಾರೋ ನಂಬಿ ಕೂರುವಂತಿಲ್ಲ. ತುಪ್ಪ, ಪೇಡ ಕಟ್ಟಿಸಿಕೊಂಡು ಬರಬೇಡಿ, ಹಾಲಿನ ಪದಾರ್ಥ ಹೊರಗಿನಿಂದ ತರಲು ಇಲ್ಲಿ ಬಿಡುವುದಿಲ್ಲ. ಅವಲಕ್ಕಿ, ಚಟ್ನಿಪುಡಿ ಜಾಸ್ತಿಯೇ ತನ್ನಿ. ಕೆಳಗೆ ಸುಡು ಬಿಸಿಲು, ಮೇಲೆ ಮಧ್ಯಾಹ್ನ ಗುಡುಗಿ ಮಳೆ ಬಂದರೆ ಚಳಿ. ಮಲೆನಾಡಿನವರಿಗೆ ರೈನ್‌ಕೋಟ್ ತನ್ನಿ ಅಂತ ಹೇಳಬೇಕಿಲ್ಲ, ಟೋಪಿ ಮರೆಯಬೇಡಿ.

ಹುಡುಗರಿಗೆ ಒಂದು ಮಾತು ಗಟ್ಟಿಯಾಗಿ ಹೇಳಿದ್ದೇನೆ. ಸವಾರರ ಪಕ್ಕ ಓಡಬಾರದು, ಸೆಲ್ಫಿಗೆ ರಸ್ತೆಗೆ ಬಗ್ಗಬಾರದು. 2018ರಲ್ಲಿ ಇದೇ ಘಾಟಿಯಲ್ಲಿ ವಿನ್ಸೆಂಜೋ ನಿಬಾಲಿ ಪ್ರೇಕ್ಷಕರೊಬ್ಬರ ಕ್ಯಾಮೆರಾ ಪಟ್ಟಿಗೆ ಸಿಕ್ಕಿ ಬಿದ್ದರು. ಬೆನ್ನುಮೂಳೆ ಮುರಿದು ರೇಸ್ ಬಿಡಬೇಕಾಯಿತು. ಹಿಂದೆ ಒಮ್ಮೆ ಟೂರ್ ಗೆದ್ದ ಮನುಷ್ಯ.

ಅಕ್ಕನಿಗೆ ಜುಲೈಯಲ್ಲಿ ಬರಲು ಆಗುವುದಿಲ್ಲವಂತೆ. ಆಗಸ್ಟ್ 1ರಿಂದ 9ರವರೆಗೆ ಹೆಂಗಸರ ಟೂರ್ ಇದೆ, ಸ್ವಿಟ್ಜರ್ಲೆಂಡಿನ ಲೋಸಾನ್‌ನಿಂದ ನೀಸ್‌ವರೆಗೆ. ಈ ಸಲ ಮೋನ್ ವಾಂಟೂ ಬೆಟ್ಟವನ್ನೂ ಹತ್ತುತ್ತಾರೆ. 2024ರಲ್ಲಿ ಅವರ ರೇಸ್ ಮುಗಿದದ್ದು ಇದೇ ಆಲ್ಪ್ ಡ್ಯುಯೆಜ್ ಮೇಲೆ. 8 ಸ್ಟೇಜ್ ಆದ ಮೇಲೆ ಪೋಲೆಂಡಿನ ಕಾಸಿಯಾ ನೀವ್ಯಾದೋಮಾ ಗೆದ್ದದ್ದು ಬರೀ 4 ಸೆಕೆಂಡ್ ಅಂತರದಲ್ಲಿ. ಅಕ್ಕ, ನಿನ್ನ ಪಾಸ್‌ಪೋರ್ಟಿನ ಮೊದಲ ಪುಟದ ಫೋಟೋ ತೆಗೆದು ಕಳಿಸು. ಪುರಸಭೆಯ ಕಾಗದ ನಿನ್ನ ಹೆಸರಿಗೂ ಮಾಡಿಸುತ್ತೇನೆ.